ಬೀದಿ ತಿನಿಸಿನ ಉತ್ಸವ: 3 ಗಂಟೆಯಲ್ಲಿ 12 ಬಗೆ ರುಚಿ ನೋಡೋದು ಹೇಗೆ?

ಬಾಯಿಚಪಲ:
ನಾವು 4 ಜನ. ಕೈಯಲ್ಲಿರೋದು 3 ಗಂಟೆ, ರುಚಿ ನೋಡಬೇಕಿರೋದು ಕನಿಷ್ಠ 12 ಬಗೆ. ಮೂರನೇ ಮಳಿಗೆಗೇ ಹೊಟ್ಟೆ ಬಿರಿಯಬಾರದು, ಮರುದಿನ ಕೆಡಲೂಬಾರದು. ಎಷ್ಟೆಷ್ಟು, ಯಾವ ಕ್ರಮದಲ್ಲಿ ತಿನ್ನಬೇಕು? ಮಳಿಗೆ ಆರಿಸುವಾಗ ಏನು ನೋಡಬೇಕು? ಒಬ್ಬರಿಗೆ ಕಡಲೆಕಾಯಿ ಅಲರ್ಜಿ ಇದೆ.

ತುತ್ತಿನಲೆಕ್ಕ:
ಒಂದು ಬಗೆಗೆ ತಲಾ 40–50 ಗ್ರಾಂ, ಅಂದ್ರೆ ಮೂರು ತುತ್ತು. 12 ಬಗೆ ಸೇರಿದರೆ 500–600 ಗ್ರಾಂ, ಒಂದು ತುಂಬು ಊಟ ಆಯ್ತು. ಹಾಗಾಗಿ 200 ಗ್ರಾಂನ ಪ್ಲೇಟ್ ನಾಲ್ವರಿಗೂ ಒಂದೇ ಸಾಕು. ಯಾವುದಾದರೂ ತುಂಬಾ ಹಿಡಿಸಿದರೆ ಎರಡನೇ ಪ್ಲೇಟ್ ಕೊನೆಗಿರಲಿ. ಹೊಟ್ಟೆ ತುಂಬಿದ್ದು ಗೊತ್ತಾಗೋಕೆ 20 ನಿಮಿಷದಷ್ಟು ಬೇಕು, ಅದಕ್ಕೆ ನಾಲ್ಕು ಬಗೆ ಆದ ಮೇಲೆ ಸ್ವಲ್ಪ ಸುತ್ತಾಡಿ.

ಸೌಮ್ಯವಾದದ್ದು ಮೊದಲು, ಖಾರ ಆಮೇಲೆ, ಸಿಹಿ ಕೊನೆಗೆ. ಮೊದಲೇ ನಾಲಿಗೆ ಉರಿಸಿಕೊಂಡರೆ ಮುಂದಿನ ಎರಡು ಮೂರು ತಿನಿಸಿನ ಸೂಕ್ಷ್ಮ ರುಚಿ ಹೋದ ಹಾಗೇ. ಉರಿಗೆ ನೀರು ಕುಡಿದು ಉಪಯೋಗವಿಲ್ಲ: ಮೆಣಸಿನಕಾಯಿಗೆ ಖಾರ ಕೊಡೋ ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ. ಹಾಲಿನಲ್ಲಿರೋ ಕೇಸಿನ್ ಅನ್ನೋ ಪ್ರೋಟೀನ್ ಅದನ್ನು ಹಿಡಿದು ಎಳೆದುಕೊಂಡು ಹೋಗುತ್ತೆ. ಸೋಡಾ ಮುಟ್ಟಬೇಡಿ, ತಿನಿಸಿನ ಜಾಗವನ್ನ ಗ್ಯಾಸ್ ತಿನ್ನುತ್ತೆ.

ಗರಿಗರಿ:
ಕ್ರಮ ಸರಿ, ಆದರೆ ಕರಿದದ್ದೆಲ್ಲ ಸಾಲಾಗಿ ಬಂದರೆ ಕೆಟ್ಟಿತು. ಒಂದೇ ಬಗೆಯದನ್ನ ಮೇಲಿಂದ ಮೇಲೆ ತಿಂದರೆ ಅದರ ಮೇಲಷ್ಟೇ ಆಸೆ ಸಾಯುತ್ತೆ, ಬೇರೆಯದರ ಮೇಲೆ ಹಾಗೇ ಉಳಿದಿರುತ್ತೆ. ಒಂದು ಕರಿದದ್ದು, ಒಂದು ಹುಳಿಯದು, ಒಂದು ಆವಿಯಲ್ಲಿ ಬೆಂದದ್ದು, ಹೀಗೆ ಬದಲಾಯಿಸಿ.

ಇನ್ನೊಂದು: ನಾಲ್ವರೂ ನಾಲ್ಕು ಸಾಲಲ್ಲಿ ನಿಂತು, ಎಲ್ಲ ತಂದು ಒಂದೇ ಮೇಜಿಗೆ ಸುರಿಯೋದು ಜಾಣತನದಂತೆ ಕಾಣುತ್ತೆ, ಅಲ್ಲ. ಕರಿದದ್ದನ್ನ ಮುಚ್ಚಿಟ್ಟರೆ ಅದರದೇ ಹಬೆಗೆ ಮೆತ್ತಗಾಗುತ್ತೆ. ಅದನ್ನ ಬಾಣಲೆ ಪಕ್ಕದಲ್ಲೇ ನಿಂತು ತಿನ್ನಿ.

ಬಿಸಿಬಿಸಿ:
ಮಳಿಗೆ ವಿಷಯ. ಬೇಯಿಸಿದ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು, ಇಲ್ಲಾ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವೆ 2 ಗಂಟೆ ಮೀರಿ ಬಿದ್ದಿದ್ದರೆ ಬೇಡ. ಥರ್ಮಾಮೀಟರ್ ಹಿಡಿದು ಹೋಗೋಕಾಗಲ್ಲ, ಹಬೆ ನೋಡಿ. ಜನ ಹೆಚ್ಚಿರೋ ಮಳಿಗೆ ಅಂತ ಎಲ್ಲರೂ ಹೇಳ್ತಾರೆ, ಅದರ ಅರ್ಥ ಪಾತ್ರೆ ಬೇಗ ಖಾಲಿಯಾಗ್ತಿದೆ ಅಂತ ಅಷ್ಟೇ. ರಾಶಿ ಕರಿದಿಟ್ಟುಕೊಂಡು ಮಾರುತ್ತಿದ್ದರೆ ಸಾಲು ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ.

ಎಣ್ಣೆ ಕಪ್ಪಗಾಗಿ, ಅಂಟಂಟಾಗಿ, ತಿನಿಸು ಹಾಕದೆಯೂ ನೊರೆ ಬರ್ತಿದ್ರೆ ಮುಂದೆ ಹೋಗಿ. ಕೈಗವಸು ನೋಡಿ ನಂಬಬೇಡಿ. ಅದೇ ಕೈಯಲ್ಲಿ ದುಡ್ಡು ಮುಟ್ಟುತ್ತಾರಾ ನೋಡಿ. ಐಸ್ ಬೇಡ, ಹೆಪ್ಪುಗಟ್ಟಿದರೆ ಕ್ರಿಮಿ ಸಾಯಲ್ಲ.

ಬಾಯಿಚಪಲ:
ಆರಿದ್ದನ್ನ ಮತ್ತೆ ಚೆನ್ನಾಗಿ ಬಿಸಿ ಮಾಡಿ ಕೊಟ್ಟರೆ?

ಬಿಸಿಬಿಸಿ:
ಅನ್ನ, ನೂಡಲ್ಸ್ ಆದರೆ ಅದೂ ಬೇಡ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಉಳಿಯುತ್ತೆ, ಆರಿದ ಅನ್ನದಲ್ಲಿ ಬೆಳೆದು ವಿಷ ಬಿಡುತ್ತೆ. ವಾಂತಿ ತರಿಸೋ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗಲ್ಲ.

ತುತ್ತಿನಲೆಕ್ಕ:
ಅಲರ್ಜಿ ಮಾತು ಬಿಟ್ಟೇಹೋಯ್ತು, ಅದೇ ಮುಖ್ಯ. "ಕಡಲೆಕಾಯಿ ಹಾಕಿದ್ದೀರಾ?" ಅಂತ ಮಾತ್ರ ಕೇಳಿದರೆ ಸಾಲದು. ಯಾವ ಎಣ್ಣೆ, ಅದೇ ಬಾಣಲೆಯಲ್ಲಿ ಇನ್ನೇನು ಕರೀತೀರಿ, ಸೌಟು ಬೇರೆ ಇದೆಯಾ, ಸಾಸ್‌ನಲ್ಲಿ ಏನಿದೆ, ಈ ನಾಲ್ಕೂ ಕೇಳಿ. ಉತ್ತರ ತಡವರಿಸಿದರೆ ಆ ಮಳಿಗೆ ಅಲರ್ಜಿ ಇರೋರಿಗಲ್ಲ. ಚೂರು ನಾಲಿಗೆಗಿಟ್ಟು ಪರೀಕ್ಷೆ ಮಾಡೋ ಹಾಗಿಲ್ಲ. ನಾನು ಹೇಳಿದ ಹಂಚಿ ತಿನ್ನೋ ಲೆಕ್ಕವೂ ಅವರಿಗೆ ಹೊಂದಲ್ಲ, ನಿಮ್ಮ ಚಮಚದಿಂದಲೇ ಕಡಲೆಕಾಯಿ ಅವರ ಪಾಲಿಗೆ ಬರಬಹುದು. ಅವರದ್ದು ಪ್ರತ್ಯೇಕ ಪ್ಲೇಟ್, ಪ್ರತ್ಯೇಕ ಚಮಚ. ವೈದ್ಯರು ಅಡ್ರಿನಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದು ಕಾರಲ್ಲಲ್ಲ, ಮೈಮೇಲೇ ಇರಲಿ.