ಡಾಕ್ಟರನ್ನು ಕೇಳಿ: ದವಡೆ ಸಿಸ್ಟ್ ಆಪರೇಷನ್‌ನಲ್ಲಿ ನರ ಉಳಿಯುತ್ತಾ?

ಅಡ್ಮಿನ್: ಬಾಯಿ, ದವಡೆ ಸರ್ಜನ್ ಒಬ್ಬರು ಇವತ್ತು ನಮ್ಮ ಜೊತೆ ಇದ್ದಾರೆ. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಬೇಡಿ.

ಹಾಸನದ ಸದಸ್ಯೆ: ನಮಸ್ತೆ ಡಾಕ್ಟರ್. ನನ್ನ ತಮ್ಮನಿಗೆ 24 ವರ್ಷ. ಕೆಳದವಡೆಯ ಬಲಗಡೆ ದೊಡ್ಡ ಸಿಸ್ಟ್, ಅಂದರೆ ಮೂಳೆಯೊಳಗೆ ನೀರು ತುಂಬಿದ ಚೀಲ. ಹೊರಗೆ ಬರದ ಬುದ್ಧಿಹಲ್ಲು ಅದರೊಳಗೇ ದವಡೆಯ ತಳಕ್ಕೆ ಇಳಿದಿದೆಯಂತೆ. ಓಪಿಜಿ (ಇಡೀ ದವಡೆಯ ಎಕ್ಸ್‌ರೇ) ಹಾಕಿದ್ದೇನೆ. ನೋವಿಲ್ಲ, ಜೋಮಿಲ್ಲ. ಆಪರೇಷನ್ ಆದರೆ ತುಟಿ ಮರಗಟ್ಟಬಹುದು ಅಂತ ಸಹಿ ಕೇಳಿದ್ದಾರೆ. ಇವನು ಹೆದರಿ ಆಪರೇಷನ್ನೇ ಬೇಡ ಅಂತಿದ್ದಾನೆ.

ಡಾಕ್ಟರ್: ಎಕ್ಸ್‌ರೇ ನೋಡಿದೆ ಅಮ್ಮಾ. ಬಿಡುವ ಹಾಗಿಲ್ಲ. ದವಡೆಯ ತಳದಲ್ಲಿ ಮೂಳೆ ಮೊಟ್ಟೆಯ ಚಿಪ್ಪಿನಷ್ಟು ಉಳಿದಿದೆ. ಸಣ್ಣ ಪೆಟ್ಟಿಗೂ ಮುರಿಯಬಹುದು.

ಕೆಳದವಡೆಯ ಮೂಳೆಯೊಳಗೆ ಒಂದು ಕೊಳವೆ ಇದೆ. ಅದರಲ್ಲಿ ಹೋಗುವ ನರ ಮುಂದೆ ಹೊರಬಂದು ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುತ್ತೆ. ತುಟಿ ಆಡಿಸುವ ನರ ಬೇರೆ. ಹಾಗಾಗಿ ಇದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟ ಆಗಲ್ಲ, ಜೋಮು ಹಿಡಿಯುತ್ತೆ. ಇಂಥ ಸಿಸ್ಟ್ ನಿಧಾನವಾಗಿ ಬೆಳೆಯುತ್ತಾ ನರವನ್ನು ಪಕ್ಕಕ್ಕೆ ತಳ್ಳುತ್ತೆ, ಸಾಮಾನ್ಯವಾಗಿ ಹಾಳು ಮಾಡಲ್ಲ. ಅದಕ್ಕೇ ನಿಮ್ಮ ತಮ್ಮನಿಗೆ ಇನ್ನೂ ಏನೂ ಗೊತ್ತಾಗಿಲ್ಲ.

ಓಪಿಜಿ ಒಂದೇ ಸಾಲದು. ನರ ಕೆನ್ನೆ ಕಡೆಗಿದೆಯೋ ನಾಲಿಗೆ ಕಡೆಗಿದೆಯೋ ತಿಳಿಯಲು ಸಿಬಿಸಿಟಿ ಅನ್ನುವ ದವಡೆಯ 3ಡಿ ಸ್ಕ್ಯಾನ್ ಮಾಡಿಸಿ. ಆಮೇಲೆ ನಾನಾದರೆ ಒಂದೇ ಸಲಕ್ಕೆ ಎಲ್ಲ ತೆಗೆಯಲ್ಲ. ಮೊದಲು ಬಾಯೊಳಗಿಂದ ಸಿಸ್ಟಿಗೆ ಕಿಂಡಿ ಮಾಡಿ, ಒಂದು ತುಂಡು ಬಯಾಪ್ಸಿಗೆ ಕಳಿಸಿ, ಸಣ್ಣ ಟ್ಯೂಬ್ ಇಡುತ್ತೇನೆ. ಒಳಗಿನ ಒತ್ತಡ ಇಳಿದರೆ ಸುತ್ತ ಮೂಳೆ ಬೆಳೆಯುತ್ತೆ, ಸಿಸ್ಟ್ ಕುಗ್ಗಿ ನರದಿಂದ ದೂರ ಸರಿಯುತ್ತೆ. ಆರು ತಿಂಗಳು, ಕೆಲವರಿಗೆ ವರ್ಷ ಹಿಡಿಯುತ್ತೆ. ಅಷ್ಟು ದಿನವೂ ಸಿರಿಂಜಿನಲ್ಲಿ ಸಲೈನ್ ಬಿಟ್ಟು ತೊಳೆಯಬೇಕು. ಬೇಸರ ಅಂತ ಬಿಟ್ಟರೆ ಕೀವಾಗುತ್ತೆ.

ಉಳಿದ ಚೀಲ ತೆಗೆಯುವುದು ಎರಡನೇ ಆಪರೇಷನ್. ನರದ ಹತ್ತಿರ ಬಂದ ಮೇಲೆ ಡ್ರಿಲ್ ಬದಿಗಿಡಬೇಕು. ಸಲೈನಿನಲ್ಲಿ ಒದ್ದೆ ಮಾಡಿದ ಗಾಜ್ ಬಟ್ಟೆಯ ತುಂಡನ್ನು ಚೀಲಕ್ಕೂ ಮೂಳೆಗೂ ನಡುವೆ ತಳ್ಳುತ್ತಾ ಹೋದರೆ ಪದರ ಬಿಡುತ್ತೆ, ಕೆಳಗೆ ಬೆಳ್ಳಗೆ ಹೊಳೆಯುವ ನರ ಕಾಣುತ್ತೆ. ಅಲ್ಲಿ ಎಳೆಯಬಾರದು. ರಕ್ತ ಬಂದರೂ ಕರೆಂಟಿನಿಂದ ಸುಡಬಾರದು, ಒತ್ತಿ ಹಿಡಿದು ಕಾಯಬೇಕು. ಬಯಾಪ್ಸಿಯಲ್ಲಿ ಕೆರಟೋಸಿಸ್ಟ್ (ತೆಗೆದರೂ ಮತ್ತೆ ಬರುವ ಬಗೆಯ ಸಿಸ್ಟ್) ಅಂತ ಬಂದರೆ, ಮತ್ತೆ ಬರದಿರಲಿ ಅಂತ ಕಾರ್ನಾಯ್ ದ್ರಾವಣ ಅನ್ನುವ, ಅಳಿದುಳಿದ ಸಿಸ್ಟ್ ಕೋಶಗಳನ್ನು ಕೊಲ್ಲುವ ರಾಸಾಯನಿಕ ಹಚ್ಚುವುದುಂಟು. ಅದು ನರಕ್ಕೆ ವಿಷ. ನರ ಬಯಲಾಗಿದ್ದರೆ ಹೇಗೆ ಕಾಪಾಡ್ತೀರಿ ಅಂತ ನಿಮ್ಮ ಸರ್ಜನ್ನನ್ನು ನೇರವಾಗಿ ಕೇಳಿ.

ಸಹಿ ಕೇಳಿದ್ದು ಸರಿಯೇ. ಜೋಮು ಆಗೋದೇ ಇಲ್ಲ ಅಂತ ಮಾತು ಕೊಡುವವರ ಹತ್ತಿರ ಹೋಗಬೇಡಿ.

ತುಮಕೂರಿನ ಸದಸ್ಯ: ಜೋಮು ಬಂದರೆ ಶಾಶ್ವತನಾ ಸರ್?

ಡಾಕ್ಟರ್: ನರ ಬರೀ ಜಗ್ಗಿದ್ದರೆ, ಒತ್ತಿದ್ದರೆ ವಾರಗಳಲ್ಲೋ ಕೆಲವು ತಿಂಗಳಲ್ಲೋ ಸರಿಹೋಗುತ್ತೆ. ಒಳಗಿನ ಎಳೆ ಕಡಿದಿದ್ದರೆ ಮತ್ತೆ ಬೆಳೆಯಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರ್. ಇಡೀ ನರ ತುಂಡಾಗಿದ್ದರೆ ತಾನಾಗಿ ಕೂಡುವುದು ಕಷ್ಟ. ಮೂರು ತಿಂಗಳಾದರೂ ಹತ್ತಿ ಎಳೆ ತಾಗಿದ್ದು ಗೊತ್ತಾಗದಿದ್ದರೆ ನರ ಜೋಡಿಸುವ ಸರ್ಜನ್ ನೋಡಲಿ. ಬಿಸಿ ಕಾಫಿ ಹುಷಾರು, ತುಟಿ ಸುಟ್ಟರೂ ತಿಳಿಯಲ್ಲ.

ಬಳ್ಳಾರಿಯ ಸದಸ್ಯ: ತುಟಿ ಜೋಮು ಪರ್ಮನೆಂಟಾ ಸರ್?

ಡಾಕ್ಟರ್: ಮೇಲೆ ಓದಿ.

ಶಿವಮೊಗ್ಗದ ಸದಸ್ಯ: ಈ ಆಪರೇಷನ್‌ಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತಾ?

ಮಂಡ್ಯದ ಸದಸ್ಯ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. ಲವಂಗದೆಣ್ಣೆ, ಸುಣ್ಣ, ಅರಿಶಿನ ಕಲಸಿ 21 ದಿನ ಹಚ್ಚಿದರೆ ದವಡೆ ಗಂಟು ಕರಗುತ್ತೆ, ನರಕ್ಕೂ ಬಲ ಬರುತ್ತೆ.

ಡಾಕ್ಟರ್: ಕರಗಲ್ಲ. ಸಿಸ್ಟ್ ಇರುವುದು ಮೂಳೆಯೊಳಗೆ. ಲವಂಗದೆಣ್ಣೆಯ ಯೂಜಿನಾಲ್ ನರವನ್ನು ಮಂಕು ಮಾಡುತ್ತೆ, ಅದಕ್ಕೇ ಹಲ್ಲುನೋವು ಇಳಿದ ಹಾಗಾಗೋದು. ಹಸಿ ಗಾಯದಲ್ಲಿ ಬಯಲಾದ ನರಕ್ಕೆ ತಾಗಿದರೆ ನರವೇ ಹಾಳಾಗಬಹುದು. ಸುಣ್ಣ ಒಸಡು ಸುಡುತ್ತೆ. ದಯವಿಟ್ಟು ಇದನ್ನು ಅಳಿಸಿ.

ಮಂಡ್ಯದ ಸದಸ್ಯ: ನಮ್ಮ ಅಜ್ಜಿ ಕಾಲದಿಂದ ಹಚ್ಚುತ್ತಿದ್ದೇವೆ. ನಿಮಗೆ ಆಪರೇಷನ್ ಮಾಡಿದರೆ ತಾನೆ ದುಡ್ಡು?

ಉಡುಪಿಯ ಸದಸ್ಯೆ: ಡಾಕ್ಟರ್ ರಾತ್ರಿ ಕೂತು ಪುಕ್ಕಟೆ ಉತ್ತರ ಕೊಡ್ತಿದ್ದಾರೆ. ಮಾತು ನೋಡಿ ಆಡಿ.

ಮಂಡ್ಯದ ಸದಸ್ಯ: ನಿಮ್ಮನ್ನು ಯಾರೂ ಕೇಳಲಿಲ್ಲ ಮೇಡಂ.

ಉಡುಪಿಯ ಸದಸ್ಯೆ: ಕೇಳಬೇಕಾಗಿಲ್ಲ. ನಮ್ಮ ಭಾವ ಇಂಥದ್ದೇ ಹಚ್ಚಿಕೊಂಡು ಕೂತು, ಕೊನೆಗೆ ದವಡೆ ಮುರಿದು ಪ್ಲೇಟ್ ಹಾಕಿಸಿಕೊಂಡರು.

ಕೋಲಾರದ ಸದಸ್ಯ: ಮೀಥೈಲ್‌ಕೊಬಾಲಮಿನ್ (ಬಿ12 ವಿಟಮಿನ್) ಮಾತ್ರೆ ತಗೊಂಡ್ರೆ ನರ ಬೇಗ ಸರಿಹೋಗುತ್ತಾ?

ಡಾಕ್ಟರ್: ಬರೆದುಕೊಡುತ್ತೇವೆ. ತುಂಡಾದ ನರವನ್ನು ಅದು ಜೋಡಿಸಲ್ಲ.

ಧಾರವಾಡದ ಸದಸ್ಯೆ: ನಮ್ಮ ಅತ್ತೆಯವರಿಗೆ 61 ವರ್ಷ. ಹಲ್ಲು ಕೀಳಿಸಿಲ್ಲ, ಆಪರೇಷನ್ ಆಗಿಲ್ಲ. ಒಂದು ತಿಂಗಳಿಂದ ಎಡಗಡೆ ಗದ್ದ, ಕೆಳತುಟಿ ಜೋಮು. ಸಿಸ್ಟ್ ಇರಬಹುದಾ?

ಮಂಡ್ಯದ ಸದಸ್ಯ: ಶುಗರ್ ಇರುತ್ತೆ. ಮೆಂತ್ಯ ನೆನೆಸಿ ಕುಡಿಸಿ.

ಡಾಕ್ಟರ್: ನೀವು ಸುಮ್ಮನಿರಿ. ಶುಗರಿನ ಜೋಮು ಸಾಮಾನ್ಯವಾಗಿ ಪಾದದಿಂದ ಶುರುವಾಗುತ್ತೆ, ಒಂದೇ ಬದಿಯ ಗದ್ದದಿಂದ ಅಲ್ಲ.

ಮೇಡಂ, ಇಲ್ಲಿ ಬಂದಿರುವ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಚಿಂತೆ ಇದರದ್ದೇ. ಕೀವಾದ ಸಿಸ್ಟ್ ಕೂಡ ಹೀಗೆ ಜೋಮು ತರಬಹುದು, ಆದರೆ ಆಗ ಊತ, ನೋವು ಇರುತ್ತೆ. ಅವೇನೂ ಇಲ್ಲದೆ ಗದ್ದ ಮರಗಟ್ಟಿದರೆ ಗೆಡ್ಡೆ ನರಕ್ಕೆ ಇಳಿದಿದೆಯಾ ಅಂತ ಮೊದಲು ನೋಡಬೇಕು. ಊತ ಇದೆಯಾ? ಹಿಂದೆ ಯಾವುದಾದರೂ ಕ್ಯಾನ್ಸರ್ ಆಗಿತ್ತಾ?

ಧಾರವಾಡದ ಸದಸ್ಯೆ: ಊತ ಇಲ್ಲ ಡಾಕ್ಟರ್. 2017ರಲ್ಲಿ ಎದೆಯ ಗಡ್ಡೆ ತೆಗೆಸಿದ್ವಿ. ಅದು ಗುಣ ಆಗೇತಿ ಅಂದಿದ್ರು. ಬಾಯಿಗೂ ಅದಕ್ಕೂ ಸಂಬಂಧ ಇದೆಯಾ?

ಡಾಕ್ಟರ್: ಇರಬಹುದು. ಸ್ತನ ಕ್ಯಾನ್ಸರ್ ವರ್ಷಗಳ ನಂತರ ದವಡೆ ಮೂಳೆಗೆ ಬರುವುದುಂಟು, ಗದ್ದದ ಜೋಮೇ ಅದರ ಮೊದಲ ಸುಳಿವು ಆಗಿರಬಹುದು. ಬೇರೆ ಕಾರಣವೂ ಇರಬಹುದು, ಆದರೆ ಕಾಯಬೇಡಿ. ನಾಳೆಯೇ ಹಳೆಯ ಫೈಲ್ ಹಿಡಿದುಕೊಂಡು ಆಗ ನೋಡಿದ ಕ್ಯಾನ್ಸರ್ ಡಾಕ್ಟರ ಹತ್ತಿರ ಹೋಗಿ. ಗದ್ದದ ಜೋಮು ಅಂತ ಮೊದಲ ಮಾತಿನಲ್ಲೇ ಹೇಳಿ. ಮಾತ್ರೆ ಕೊಟ್ಟು ಕಳಿಸಿದರೆ ಒಪ್ಪಬೇಡಿ, ಸ್ಕ್ಯಾನ್ ಕೇಳಿ.

ಗದಗಿನ ಸದಸ್ಯ: ಸರ್, ಸಿಸ್ಟ್ ಆಪರೇಷನ್ ಆದರೆ ತುಟಿ ಜೋಮು ಹೋಗುತ್ತಾ ಇಲ್ವಾ?

ಡಾಕ್ಟರ್: ಮೂರನೇ ಸಲ. ಮೇಲೆ ಇದೆ.

ಶಿವಮೊಗ್ಗದ ಸದಸ್ಯ: ಆಯುಷ್ಮಾನ್ ಕಾರ್ಡ್ ಬಗ್ಗೆ ಕೇಳಿದ್ದೆ, ಯಾರಾದರೂ ಹೇಳ್ತೀರಾ?