ಅಂಗಾಲಿನ ಮಚ್ಚೆ ಹರಡುತ್ತಿದೆ: ಸುಣ್ಣ ಹಚ್ಚಿ ತೆಗೆಯಬಹುದೇ?

ಹೊಸನಗರದ ಸೊಸೆ:
ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಅಡಿಕೆ ತೋಟದ ಮನೆ. ಅರವತ್ತು ದಾಟಿದ ನಮ್ಮ ಅತ್ತೆಯವರ ಬಲ ಅಂಗಾಲಿನಲ್ಲಿ, ಹಿಮ್ಮಡಿಗೆ ಸಮೀಪದಲ್ಲಿ ಕಪ್ಪು ಮಚ್ಚೆಯೊಂದಿದೆ. ಮೊದಲು ಸಣ್ಣ ಚುಕ್ಕೆಯಾಗಿದ್ದದ್ದು ಕಳೆದ ಮಳೆಗಾಲದಿಂದೀಚೆಗೆ ಹರಡಿ, ಒಂದು ಬದಿ ಕಡುಗಪ್ಪಾಗಿಯೂ ಇನ್ನೊಂದು ಬದಿ ಕಂದಾಗಿಯೂ ಕಾಣುತ್ತಿದೆ. ನೋವಿಲ್ಲ, ತುರಿಕೆಯೂ ಇಲ್ಲ. ತೋಟದಲ್ಲಿ ಬರಿಗಾಲಿನಲ್ಲೇ ಓಡಾಡುವವರಾದ್ದರಿಂದ ಮುಳ್ಳು ಮುರಿದು ಆದ ಆಣಿಯಿರಬೇಕೆಂದು ಮನೆಯವರ ಎಣಿಕೆ. ಸುಣ್ಣಕ್ಕೆ ಸೋಡಾ ಬೆರೆಸಿ ಹಚ್ಚಿದರೆ ಉದುರಿಹೋಗುತ್ತದೆಂದು ಊರಿನಲ್ಲಿ ಒಬ್ಬರು, ಗೇರೆಣ್ಣೆ ಮುಟ್ಟಿಸಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಮಚ್ಚೆ ಮೆಲನೋಮ ಎಂಬ ಕ್ಯಾನ್ಸರ್ ಆಗಬಹುದೆಂದು ಓದಿದ್ದೇನೆ. ಆದರೆ ಅದು ಬಿಳಿಯರಿಗೆ ಬಿಸಿಲಿನಿಂದ ಬರುವ ಕಾಯಿಲೆಯೆಂದು ಅಲ್ಲಿತ್ತು. ಅಂಗಾಲಿಗೆ ಬಿಸಿಲೆಲ್ಲಿಯದು?

ಚರ್ಮವೈದ್ಯ, ಶಿವಮೊಗ್ಗ:
ಸುಣ್ಣವನ್ನಾಗಲಿ ಗೇರೆಣ್ಣೆಯನ್ನಾಗಲಿ ಹಚ್ಚಬೇಡಿ. ಅವು ಮೇಲ್ಚರ್ಮವನ್ನು ಸುಟ್ಟು ಬಣ್ಣವನ್ನು ಮರೆಸುತ್ತವೆ. ಕೆಳಗೆ ರೋಗವಿದ್ದರೆ ಅದು ಕಲೆಯ ಅಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ, ಪರೀಕ್ಷೆಗೆ ಕಳುಹಿಸಲು ಸರಿಯಾದ ತುಣುಕೂ ಸಿಗುವುದಿಲ್ಲ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಜೀವಕೋಶಗಳು ಒಂದೆಡೆ ಗುಂಪುಗೂಡಿದರೆ ಮಚ್ಚೆಯಾಗುತ್ತದೆ. ಅವೇ ಕೋಶಗಳು ಹತೋಟಿ ಮೀರಿ ಬೆಳೆದರೆ ಮೆಲನೋಮ. ಸಂಬಂಧ ಇಷ್ಟು ಹತ್ತಿರದ್ದಾದರೂ ಬಹುಪಾಲು ಮಚ್ಚೆಗಳು ಜೀವಮಾನವಿಡೀ ಯಾವ ತೊಂದರೆಯನ್ನೂ ಕೊಡುವುದಿಲ್ಲ, ಮೆಲನೋಮಗಳಲ್ಲಿ ಶೇಕಡಾ 70ರಷ್ಟು ಮಚ್ಚೆಯೇ ಇಲ್ಲದ ಚರ್ಮದಲ್ಲಿ ಹೊಸದಾಗಿ ಹುಟ್ಟುತ್ತವೆ. ಆದ್ದರಿಂದ ಇರುವ ಮಚ್ಚೆಗಳನ್ನೆಲ್ಲ ತೆಗೆಸಿಕೊಳ್ಳುವುದು ವ್ಯರ್ಥ, ಬದಲಾಗುತ್ತಿರುವುದನ್ನು ಬಿಡಬಾರದು. ಆಕಾರ ಓರೆಕೋರೆಯಾಗುವುದು, ಅಂಚು ಕದಡುವುದು, ಒಂದರಲ್ಲೇ ಹಲವು ಬಣ್ಣ ಕಾಣುವುದು, 6 ಮಿಲಿಮೀಟರಿಗಿಂತ ಅಗಲವಾಗುವುದು ಎಚ್ಚರಿಕೆಯ ಗುರುತುಗಳು. ನೋವಿಲ್ಲವೆಂಬುದು ಸಮಾಧಾನದ ಕಾರಣವಲ್ಲ.

ಬಿಸಿಲಿನ ಮಾತು ಬಿಳಿಯರ ಮಟ್ಟಿಗೆ ನಿಜ. ನಮ್ಮಂಥ ಕಂದು ಚರ್ಮದವರಲ್ಲಿ ಈ ರೋಗವೇ ಅಪರೂಪ. ಬಂದಾಗ ಮಾತ್ರ ಅಂಗಾಲು, ಅಂಗೈ, ಉಗುರಿನಡಿಗಳಲ್ಲಿ ಹೆಚ್ಚು. ಜಮೈಕಾದ ಗಾಯಕ ಬಾಬ್ ಮಾರ್ಲಿಯವರಿಗೆ ಕಾಲ್ಬೆರಳಿನ ಉಗುರಿನಡಿ ತೊಡಗಿದ್ದು ಇದೇ ಬಗೆ. ಅವರು 1981ರಲ್ಲಿ, 36ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಚರ್ಮ ವಿಭಾಗದಲ್ಲಿ ಡರ್ಮೋಸ್ಕೋಪ್ ಎಂಬ ಭೂತಗನ್ನಡಿಯಿಂದ ನೋಡುತ್ತಾರೆ. ಅಂಗಾಲಿನ ಗೆರೆಗಳು ನಿಮ್ಮ ತೋಟದ ಬಸಿಗಾಲುವೆ ಮತ್ತು ದಿಬ್ಬಗಳ ಸಾಲಿನಂತಿರುತ್ತವೆ: ಸಾಧಾರಣ ಮಚ್ಚೆಯ ಬಣ್ಣ ಹೆಚ್ಚಾಗಿ ತಗ್ಗಿನಲ್ಲಿ, ಮೆಲನೋಮದ ಬಣ್ಣ ಹೆಚ್ಚಾಗಿ ದಿಬ್ಬದಲ್ಲಿ ಕಾಣುತ್ತದೆ. ಆಣಿಯೋ ಕಟ್ಟಿದ ರಕ್ತವೋ ಆಗಿದ್ದರೆ ಅದೂ ಅಲ್ಲಿಯೇ ತಿಳಿಯುತ್ತದೆ.

ಸಾಗರದ ಬೆಳೆಗಾರ:
ಇಂಥದ್ದಕ್ಕೆ ಕತ್ತಿ ತಾಗಿಸಿದರೆ ಮೈಯೆಲ್ಲ ಹರಡುತ್ತದೆಂದು ನಮ್ಮ ಕಡೆ ಬಲವಾದ ನಂಬಿಕೆಯಿದೆ, ಇದು ನಿಜವೇ? ಇನ್ನೊಂದು ಸಂದೇಹ: ಅಡಿಕೆ ಸುಲಿಯುವ ಕಾಲದಲ್ಲಿ ಎಲ್ಲರ ಉಗುರೂ ಕಪ್ಪಾಗುತ್ತದೆ. ಅದರ ನಡುವೆ ರೋಗದ ಕಪ್ಪನ್ನು ಗುರುತಿಸುವುದು ಹೇಗೆ?

ಚರ್ಮವೈದ್ಯ, ಶಿವಮೊಗ್ಗ:
ಪರೀಕ್ಷೆಗೆಂದು ತುಣುಕು ಕತ್ತರಿಸಿ ತೆಗೆಯುವ ಬಯಾಪ್ಸಿಯಿಂದ ರೋಗ ಹರಡುವುದಿಲ್ಲ. ಹರಡುವುದು ತಡ ಮಾಡಿದ್ದರಿಂದ. ಸಾಧ್ಯವಾದರೆ ಮಚ್ಚೆಯನ್ನು ಇಡಿಯಾಗಿ ತೆಗೆದು, ರೋಗವಿದ್ದರೆ ಅದು ಎಷ್ಟು ಆಳಕ್ಕಿಳಿದಿದೆ ಎಂದು ಅಳೆಯುತ್ತಾರೆ. ಈ ಅಳತೆಯನ್ನು 1970ರಲ್ಲಿ ರೂಪಿಸಿದವರು ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ. 1 ಮಿಲಿಮೀಟರಿನೊಳಗಿದ್ದರೆ ಸುತ್ತಲಿನ ಸುಮಾರು 1 ಸೆಂಟಿಮೀಟರ್ ಚರ್ಮವನ್ನೂ ಸೇರಿಸಿ ತೆಗೆಯುವುದರಿಂದಲೇ ಹೆಚ್ಚಿನವರು ಗುಣವಾಗುತ್ತಾರೆ. ಆಳ ಹೆಚ್ಚಿದ್ದರೆ ತೊಡೆಸಂದಿನ ಗ್ರಂಥಿಯನ್ನೂ ಪರೀಕ್ಷಿಸಬೇಕಾಗುತ್ತದೆ.

ಅಡಿಕೆಯ ಕರೆ ಹಲವು ಬೆರಳುಗಳಿಗೆ ಹತ್ತುತ್ತದೆ, ಕೆಲಸ ನಿಂತ ಮೇಲೆ ಸವೆದು ಹೋಗುತ್ತದೆ. ಬಡಿದು ಕಟ್ಟಿದ ರಕ್ತ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ. ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ಬುಡದಿಂದ ತುದಿಯವರೆಗೆ ಕಪ್ಪು ಪಟ್ಟಿಯೊಂದು ಮೂಡಿ ಅಗಲವಾಗುತ್ತಿದ್ದರೆ, ಅಥವಾ ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹಬ್ಬಿದ್ದರೆ ತೋರಿಸಲೇಬೇಕು.

ಹೊಸನಗರದ ಸೊಸೆ:
ಧನ್ಯವಾದಗಳು. ಈ ವಾರವೇ ಮೆಗ್ಗಾನ್ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕರೆದೊಯ್ಯುತ್ತೇವೆ. ಅತ್ತೆಯವರು ಕೊನೆಕೊಯ್ಲು ಮುಗಿಯಲಿ ಎನ್ನುತ್ತಿದ್ದರು. ನಿಮ್ಮ ಉತ್ತರವನ್ನು ಮಾವನವರೇ ಓದಿ ಹೇಳಿದ ಮೇಲೆ ಒಪ್ಪಿದ್ದಾರೆ. ತೆಗೆದ ತುಣುಕನ್ನು ತಪ್ಪದೆ ಲ್ಯಾಬಿಗೆ ಕಳುಹಿಸುವಂತೆ ಕೇಳುತ್ತೇನೆ.