ಕರಿಜ್ಮಾಗೆ ಟರ್ಬೊ ಹಾಕಿದ್ದೀನಿ, ಬೂಸ್ಟ್ ಬಂದ ತಕ್ಷಣ ಪೆಟ್ರೋಲ್ ಖಾಲಿ ಆದಂಗೆ ನಿಂತೋಗ್ತಿದೆ

ತುಮಕೂರು_ಕರಿಜ್ಮಾ:
ಎಲ್ರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಪ್ರಾಬ್ಲಮ್ ಹಿಡ್ಕೊಂಡು ಕೂತಿದ್ದೀನಿ, ದಯವಿಟ್ಟು ಯಾರಾದ್ರೂ ದಾರಿ ತೋರ್ಸಿ. ಗಾಡಿ ನಮ್ಮಪ್ಪ ಓಡಿಸ್ತಿದ್ದ ಹಳೇ ಕರಿಜ್ಮಾ ಬೈಕ್, 223 ಸಿಸಿ, ಏರ್ ಕೂಲ್ಡ್, ಕಾರ್ಬುರೇಟರ್ ಇರೋದು. ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿ ಒತ್ತೋ ಪ್ರಮಾಣ) 9:1 ಅಷ್ಟೇ ಇರೋದ್ರಿಂದ ಟರ್ಬೊಗೆ (ಎಕ್ಸಾಸ್ಟ್ ಬಲದಲ್ಲಿ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಫ್ಯಾನು, ಆ ಒತ್ತಡಾನೇ ಬೂಸ್ಟ್) ತಡ್ಕೊಳ್ಳುತ್ತೆ ಅಂತ ಇದನ್ನೇ ಆರಿಸ್ಕೊಂಡೆ. ಬೆಂಗಳೂರು ಜೆಸಿ ರೋಡ್ ಕಡೆ ಗುಜರಿಲಿ 1.3 ಲೀಟರ್ ಡೀಸೆಲ್ ಕಾರಿಂದ ಬಿಚ್ಚಿರೋ ಕೆಪಿ35 ಟರ್ಬೊ ಸಿಕ್ತು, ಶಾಫ್ಟ್ ಹಿಡಿದು ಹಿಂದೆ ಮುಂದೆ ಎಳ್ದು ನೋಡ್ದೆ ಪ್ಲೇ ಇರ್ಲಿಲ್ಲ, ತಗೊಂಡೆ. ಟರ್ಬೊ ಗಾಳಿನ ಕಾರ್ಬುರೇಟರ್ ಬಾಯಿಗೆ ಊದೋ ತರ ಜೋಡ್ಸಿದ್ದೀನಿ, ಮಧ್ಯ ಒಂದೂವರೆ ಲೀಟರಿನ ಅಲ್ಯುಮಿನಿಯಂ ಡಬ್ಬ ಇದೆ. ಡೀಸೆಲ್‌ಗೆ ಅಂತ ಬರೋ ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂಗೆ ತಡೆಯೋ ವಾಲ್ವ್) ಸ್ಪ್ರಿಂಗ್ ತುಂಬಾ ಗಟ್ಟಿ, ಅದನ್ನ ತೆಗ್ದು ಮೆತ್ತಗಿರೋದು ಹಾಕಿ 5 ಪಿಎಸ್‌ಐಗೆ (ಗಾಳಿ ಒತ್ತಡದ ಅಳತೆ) ಸೆಟ್ ಮಾಡಿದ್ದೀನಿ.

ಪ್ರಾಬ್ಲಮ್ ಏನಪ್ಪಾ ಅಂದ್ರೆ ಐಡಲ್ ಚೆನ್ನಾಗಿದೆ, ನಿಧಾನಕ್ಕೆ ಓಡ್ಸಿದ್ರೂ ಚೆನ್ನಾಗಿದೆ, ಚಿಕ್ಕಪ್ಪನ ತೋಟದೊಳಗಿನ ರೋಡಲ್ಲಿ ಮೂರನೇ ಗೇರಲ್ಲಿ ಫುಲ್ ತಿರುಗಿಸ್ದಾಗ 5500 ಆರ್‌ಪಿಎಂ ದಾಟಿ ಬೂಸ್ಟ್ ಗೇಜ್ ಮುಳ್ಳು 2, 3 ಅಂತ ಏಳೋಕೆ ಶುರು ಮಾಡಿದ್ದೇ ತಡ ಗಾಡಿ ರಿಸರ್ವ್‌ಗೆ ಬಂದಂಗೆ ಕೆಮ್ಮಿ ನಿಂತೋಗುತ್ತೆ, ಎರಡು ನಿಮಿಷ ಬಿಟ್ಟು ಕಿಕ್ಕರ್ ಇಲ್ದಿದ್ರೂ ಸೆಲ್ಫ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ತರ ಸ್ಟಾರ್ಟ್ ಆಗುತ್ತೆ. ಪ್ಲಗ್ ಬದ್ಲಾಯಿಸ್ದೆ, ಕಾಯಿಲ್ ಬದ್ಲಾಯಿಸ್ದೆ, ಪ್ಲಗ್ ಗ್ಯಾಪ್ 0.8ರಿಂದ 0.6ಕ್ಕೆ ಇಳಿಸ್ದೆ. ಮೇನ್ ಜೆಟ್ (ಕಾರ್ಬುರೇಟರಲ್ಲಿ ಪೆಟ್ರೋಲ್ ಹೋಗೋ ತೂತಿನ ಬಿರಡೆ) ಎರಡು ಸೈಜ್ ದೊಡ್ಡದು ಹಾಕ್ದೆ. ಒಂಚೂರೂ ಬದಲಾವಣೆ ಇಲ್ಲ.

ಹುಬ್ಬಳ್ಳಿ_ಲೇತ್:
ಅಣ್ಣಾರ, ಇನ್ನ ಪ್ಲಗ್ಗು ಕಾಯಿಲ್ಲಿಗೆ ರೊಕ್ಕ ಹಾಕಬ್ಯಾಡ್ರಿ. ಸ್ಪಾರ್ಕ್ ಹೋದ್ರ ಗಾಡಿ ಪಟ್ ಪಟ್ ಅಂತ ಹೊಡಿತೈತಿ, ನಿಮ್ದು ರಿಸರ್ವಿಗೆ ಬಂದಂಗ ಸಾಯ್ತೈತಿ ಅಂತ ನೀವ ಬರ್ದೀರಿ, ಅಂದ್ರ ಪೆಟ್ರೋಲ್ ಮುಟ್ಟಾಕತ್ತಿಲ್ಲ. ಒಂದ್ ಮಾತು ಹೇಳ್ರಿ, ಫ್ಲೋಟ್ ಬೌಲಿನ (ಕಾರ್ಬುರೇಟರಿನ ಕೆಳಗ ಪೆಟ್ರೋಲ್ ನಿಲ್ಲೂ ಬಟ್ಟಲದ) ಗಾಳಿ ಪೈಪ್ ಎಲ್ಲಿ ಬಿಟ್ಟೀರಿ? ಮೊದಲಿದ್ದಂಗ ಹೊರಗ ಜೋತಾಡಾಕತ್ತಿದ್ರ ತಪ್ಪು ಅಲ್ಲೇ ಐತಿ.

ಕಾರ್ಬುರೇಟರ್ ತಾನಾಗೇ ಪೆಟ್ರೋಲ್ ಎಳ್ಕೊಳ್ಳೂದಿಲ್ಲ. ಬೌಲಿನ ಮ್ಯಾಲ ಹೊರಗಿನ ಗಾಳಿ ಒತ್ತಿ ಹಿಡದಿರ್ತೈತಿ, ಕಾರ್ಬುರೇಟರಿನ ಗಂಟಲದಾಗ, ಅಂದ್ರ ಗಾಳಿ ಹೋಗೂ ದಾರ್ಯಾಗ, ಒತ್ತಡ ಸ್ವಲ್ಪ ಕಡಿಮಿ ಆದ ಕೂಡ್ಲೇ ಆ ಒತ್ತು ಪೆಟ್ರೋಲನ್ನ ಜೆಟ್ಟಿನಾಗಿಂದ ಮ್ಯಾಲ ದಬ್ತೈತಿ. ಈಗ ನೀವು ಗಂಟಲಕ್ಕ 3 ಪಿಎಸ್‌ಐ ಊದಿದ್ರಿ, ಬೌಲ್ ಮಾತ್ರ ಹೊರಗಿನ ಗಾಳಿನ್ಯಾಗೇ ಉಳೀತು. ಗಾಳಿ ಉಲ್ಟಾ ಜೆಟ್ಟಿನಾಗಿಂದ ಕೆಳಗ ಬೌಲಿಗೆ ಇಳೀತೈತಿ, ಪೆಟ್ರೋಲ್ ಮ್ಯಾಲ ಹೆಂಗ ಏರಬೇಕ್ರಿ? ನೂರು ಸೈಜಿನ ಜೆಟ್ ಹಾಕಿದ್ರೂ ಅಷ್ಟ.

ಪರೀಕ್ಷೆ ಹಿಂಗ ಮಾಡ್ರಿ. ಪಿಸ್ಟನ್ ಕಂಪ್ರೆಶನ್ ಟಾಪಿಗೆ ತಂದು ವಾಲ್ವ್ ಮುಚ್ಚಿರೂ ಹಂಗ ನಿಲ್ಸ್ರಿ, ಕಾರ್ಬಿನ ಬಾಯಿಗೆ ಟೋಪಿ ಹಾಕಿ ಸೈಕಲ್ ಪಂಪಿಂದ ಮೆಲ್ಲಕ 3 ಪಿಎಸ್‌ಐ ಕೊಡ್ರಿ, ಬೌಲಿನ ಗಾಳಿ ಪೈಪಿನ ತುದಿ ಒಂದ್ ಲೋಟ ನೀರಾಗ ಅದ್ದಿ ಹಿಡೀರಿ. ಎಂಜಿನ್ ತಣ್ಣಗಿರ್ಬೇಕು, ಹತ್ರ ಬೆಂಕಿ ಸ್ವಿಚ್ ಏನೂ ಇರಬಾರ್ದು.

ತುಮಕೂರು_ಕರಿಜ್ಮಾ:
ಅಣ್ಣ, ನೀವು ಹೇಳ್ದಂಗೇ ಮಾಡ್ದೆ. ಪಂಪ್ ಎರಡು ಸಲ ಒತ್ತಿದ್ದಷ್ಟೇ, ಲೋಟದಲ್ಲಿ ಗುಳುಗುಳು ಅಂತ ಗುಳ್ಳೆ ಎದ್ದು ನೀರು ಮೇಲೆ ಪೆಟ್ರೋಲ್ ಬಣ್ಣಬಣ್ಣದ ಪೊರೆ ಕಟ್ಕೊಳ್ತು. ಕೈಯಲ್ಲಿ ಕಾರ್ಬ್ ಹಿಡ್ಕೊಂಡಿದ್ದೆ, ಬೌಲ್ ಒಳಗೆ ಕುದಿಯೋ ತರ ನಡುಗ್ತಿತ್ತು. ಮೂರು ವಾರ ಪ್ಲಗ್ ಉಜ್ಜುತ್ತಾ ಕೂತಿದ್ದೆ, ನಿಮ್ಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿ.

ಬೌಲಿಗೂ ಅದೇ ಬೂಸ್ಟ್ ಸಿಗ್ಲಿ ಅಂತ ಬೌಲ್ ಪೈಪ್ನ ಡಬ್ಬಕ್ಕೆ ಜೋಡ್ಸಿ ಮತ್ತೆ ಓಡ್ಸ್ದೆ. ಈಗ ಬೂಸ್ಟ್ ಬಂದ್ಮೇಲೂ ಎಳೀತಾ ಇದೆ, ಆ ಎಳೆತ ನಿಜ್ವಾಗ್ಲೂ ಈ ಗಾಡಿದೇನಾ ಅನ್ನಿಸ್ತು, ಆದ್ರೆ ಹತ್ತು ಹನ್ನೆರಡು ಸೆಕೆಂಡ್ ಆದ್ಮೇಲೆ ಅದೇ ಕಥೆ, ಕೆಮ್ಮಿ ನಿಲ್ಲುತ್ತೆ. ಒಂದು ವಿಚಿತ್ರ ಅಂದ್ರೆ ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆಗೆದು ಕಿವಿ ಇಟ್ರೆ ಟ್ಯಾಂಕ್ ಒಳಗೆ ಗುಳ್ಳೆ ಏಳೋ ಸದ್ದು.

ಮಂಗಳೂರು_ಬೂಸ್ಟ್:
ಅದು ವಿಚಿತ್ರ ಅಲ್ಲ ಮಾರಾಯ್ರೆ, ಸರಿಯಾಗಿಯೇ ಉಂಟು. ಈಗ ಬೌಲ್ ಒಳಗೆ 5 ಪಿಎಸ್‌ಐ ಕೂತಿದೆ. ಟ್ಯಾಂಕಿನಿಂದ ಪೆಟ್ರೋಲ್ ಬರುವುದು ಬರೀ ಎತ್ತರದ ಬಲದಲ್ಲಿ. 40 ಸೆಂಟಿಮೀಟರ್ ಎತ್ತರ ಉಂಟು ಅಂತ ಇಟ್ಕೊಂಡರೂ ಪೆಟ್ರೋಲ್ ನೀರಿಗಿಂತ ಹಗುರ ಅಲ್ವಾ, ಲೆಕ್ಕ ಹಾಕಿದರೆ 0.4 ಪಿಎಸ್‌ಐ ಆಸುಪಾಸು ಬರ್ತದೆ. 0.4 ಹೋಗಿ 5ನ್ನು ತಳ್ಳುವುದು ಹೇಗೆ? ಬೌಲಿನಲ್ಲಿದ್ದಷ್ಟು ಪೆಟ್ರೋಲ್ ಸುಟ್ಟು ಮುಗಿಯುವ ತನಕ ಗಾಡಿ ಓಡ್ತದೆ, ಅದೇ ನಿಮ್ಮ ಹನ್ನೆರಡು ಸೆಕೆಂಡ್. ಆಮೇಲೆ ಬೌಲಿನಲ್ಲಿ ತೇಲುವ ಫ್ಲೋಟ್ ಇಳಿದು, ಪೆಟ್ರೋಲ್ ಒಳಗೆ ಬಿಡುವ ಸೂಜಿ ತೆರೆದದ್ದೇ ಗಾಳಿ ಪೈಪಿನಲ್ಲಿ ಹಿಂದಕ್ಕೆ ಟ್ಯಾಂಕಿಗೆ ಹೋಗ್ತದೆ. ನೀವು ಕೇಳಿದ ಗುಳ್ಳೆ ಅದು.

ಪೆಟ್ರೋಲ್ ತಳ್ಳುವ ಪಂಪ್ ಹಾಕದೆ ಬೇರೆ ದಾರಿ ಇಲ್ಲ. ಆದರೆ ಇಂಜೆಕ್ಷನ್ ಗಾಡಿಯ ರೆಗ್ಯುಲೇಟರ್ (ಪೆಟ್ರೋಲ್ ಒತ್ತಡವನ್ನು ಹಿಡಿತದಲ್ಲಿ ಇಡುವ ಸಾಧನ) ಹಾಕ್ಬೇಡಿ, ಅದು 3 ಬಾರ್ ಅಂದ್ರೆ 43 ಪಿಎಸ್‌ಐ ಕೊಡ್ತದೆ, ಫ್ಲೋಟ್ ಸೂಜಿ ತಡೆಯುವುದೇ ಇಲ್ಲ, ಬಿಸಿ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಸುರಿದು ಗಾಡಿ ಹೊತ್ತಿ ಉರಿದೀತು. ಕಾರ್ಬುರೇಟರಿಗೆ ಅಂತಲೇ ಬರುವ ಕಡಿಮೆ ಒತ್ತಡದ ರೆಗ್ಯುಲೇಟರ್, ಬೂಸ್ಟ್ ಪೈಪ್ ಜೋಡಿಸುವ ಮೂತಿ ಇರುವಂಥದ್ದು ಬೇಕು. ಬೂಸ್ಟ್ ಸೊನ್ನೆ ಇದ್ದಾಗ 2.5 ಪಿಎಸ್‌ಐ, ಬೂಸ್ಟ್ 5 ಬಂದಾಗ 7.5, ಯಾವಾಗ್ಲೂ ಬೌಲಿಗಿಂತ ಅಷ್ಟೇ ಮೇಲೆ. ಉಳಿದದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ. ಪಂಪಿಗೆ ರಿಲೇ ಹಾಕಿ, ಗಾಡಿ ಬಿದ್ದರೆ ಪಂಪ್ ಕಟ್ ಆಗುವ ಸ್ವಿಚ್ ಖಂಡಿತ ಹಾಕಿ. ಕಾರ್ಬುರೇಟರಿನ ಬಟರ್‌ಫ್ಲೈ (ಥ್ರಾಟಲ್ ತಿರುಗಿಸಿದಾಗ ತೆರೆಯುವ ಬಿಲ್ಲೆ) ಶಾಫ್ಟಿನ ರಬ್ಬರ್ ಓ ರಿಂಗ್ ಹಳತಾಗಿದ್ದರೆ ಬೂಸ್ಟಿನಲ್ಲಿ ಅಲ್ಲಿಂದ ಪೆಟ್ರೋಲ್ ಆವಿ ಹೊರಗೆ ಉಗಿಯುತ್ತದೆ, ಅದನ್ನೂ ಹೊಸತು ಹಾಕಿ.

ಹಾಸನ_ಆರ್‌ಎಕ್ಸ್:
ನಡುವೆ ಬಂದೆ ಕ್ಷಮಿಸಿ. ಕಾರ್ಬ್‌ನ ಟರ್ಬೊಗಿಂತ ಮುಂಚೆ ಇಟ್ಟು, ಟರ್ಬೊನೇ ಕಾರ್ಬ್ ಮೂಲಕ ಎಳ್ಕೊಳ್ಳೋ ತರ ಮಾಡಿದ್ರೆ ಪಂಪೂ ಬೇಡ ರೆಗ್ಯುಲೇಟರೂ ಬೇಡ ಅಲ್ವಾ?

ಹುಬ್ಬಳ್ಳಿ_ಲೇತ್:
ಪಂಪ್ ಬ್ಯಾಡ ಖರೆ, ಆದ್ರ ಡೀಸೆಲ್ ಕಾರಿನ ಟರ್ಬೊಕ್ಕ ಅದು ಆಗಿಬರೂದಿಲ್ರಿ. ಡೀಸೆಲ್ಲಿನ್ಯಾಗ ಕಂಪ್ರೆಸರ್ (ಟರ್ಬೊದ ಗಾಳಿ ಊದೂ ಭಾಗ) ಮುಂದ ಥ್ರಾಟಲ್ ಇರೂದಿಲ್ಲ, ಅದಕ್ಕ ಒಳಗ ಬರೇ ರಿಂಗಿನ ಸೀಲ್ ಇರ್ತೈತಿ. ನೀವು ಮುಂದ ಕಾರ್ಬ್ ಇಟ್ಟು ಥ್ರಾಟಲ್ ಮುಚ್ಚಿದ್ರ ಅಲ್ಲಿ ವ್ಯಾಕ್ಯೂಮ್ ಆಗಿ ಬೇರಿಂಗಿನ ಆಯಿಲ್ ಎಲ್ಲಾ ಎಂಜಿನ್ ಒಳಗ ಎಳಕೊಂಡು ಹೊಗಿ ಹಾಕ್ತೈತಿ. ಹಂಗ ಮಾಡೂದಾದ್ರ ಕಾರ್ಬನ್ ಸೀಲ್ ಇರೂ ಟರ್ಬೊ ಬೇಕು. ಅದೂ ಅಲ್ದ ಒಂದೂವರೆ ಲೀಟರಿನ ಡಬ್ಬದ ತುಂಬ ಪೆಟ್ರೋಲ್ ಕೂಡಿದ ಗಾಳಿ ಇರ್ತೈತಿ, ಒಂದ್ ಸಲ ಬ್ಯಾಕ್‌ಫೈರ್ ಆದ್ರ ಏನಾಗ್ತೈತಿ ವಿಚಾರ ಮಾಡ್ರಿ. ಕಂಪನಿಯವ್ರೂ ಊದೂ ಪದ್ಧತಿನೇ ಮಾಡ್ಯಾರ, 1982ರ ಯಮಹಾ ಎಕ್ಸ್‌ಜೆ650 ಟರ್ಬೊ ಕಾರ್ಬುರೇಟರ್ ಗಾಡಿನೇ, ಟರ್ಬೊ ಊದಿದ ಗಾಳಿ ಕಾರ್ಬಿನಾಗಿಂದ ಹೋಗ್ತಿತ್ತು. ಹೋಂಡಾ ಸಿಎಕ್ಸ್500 ಟರ್ಬೊ ಮಾತ್ರ ಆಗಲೇ ಇಂಜೆಕ್ಷನ್.

ಮಂಗಳೂರು_ಬೂಸ್ಟ್:
ಆ ಡಬ್ಬ ಮಾತ್ರ ತೆಗೀಬೇಡಿ. ಸಿಂಗಲ್ ಸಿಲಿಂಡರ್ ಗಾಳಿ ಎಳೆಯುವುದು ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಮಾತ್ರ, ಟರ್ಬೊ ಆದರೆ ಬಿಡದೆ ಊದ್ತಾ ಇರ್ತದೆ, ಎಳೆಯದ ಹೊತ್ತಿನ ಗಾಳಿಯನ್ನು ಕೂಡಿಡ್ಲಿಕ್ಕೆ ಜಾಗ ಬೇಕು. ಅಮೆರಿಕದ ಎಂಐಟಿಯವರು ಸಿಂಗಲ್ ಸಿಲಿಂಡರ್ ಡೀಸೆಲ್ ಎಂಜಿನ್ನಿಗೆ ಇದೇ ರೀತಿ ಗಾಳಿ ಡಬ್ಬ ಇಟ್ಟು ಟರ್ಬೊ ಓಡಿಸಿ ನೋಡಿದ್ದಾರೆ. ಬೂಸ್ಟ್ 5500ರ ತನಕ ಬಾರದ್ದಕ್ಕೆ ಕಾರಣ ಟರ್ಬೊ ದೊಡ್ಡದು. 223 ಸಿಸಿ ಎಂಜಿನ್ 7000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದ್ರೆ 780 ಲೀಟರ್ ಗಾಳಿ ಕುಡೀತದೆ, ಆ ಡೀಸೆಲ್ ಕಾರು 4000ದಲ್ಲೇ ಬೂಸ್ಟ್ ಇಲ್ಲದೆಯೂ 2500 ಲೀಟರ್ ಕುಡೀತದೆ. ಎಕ್ಸಾಸ್ಟ್ ಪೈಪ್ ಆದಷ್ಟು ಗಿಡ್ಡ ಮಾಡಿ, ಎಕ್ಸಾಸ್ಟಿಗೆ ಅಂತಲೇ ಬರುವ ಬಿಸಿ ತಡೆಯುವ ಬಟ್ಟೆ ಸುತ್ತಿ ಬಿಸಿ ಉಳಿಸಿದರೆ ಸ್ವಲ್ಪ ಮೊದಲು ಬರ್ತದೆ.

ತುಮಕೂರು_ಕರಿಜ್ಮಾ:
ಹದಿನೈದು ದಿನ ಆಯ್ತು, ಅಪ್ಡೇಟ್ ಕೊಡ್ತೀನಿ. ಪಂಪ್, ರೆಗ್ಯುಲೇಟರ್, ರಿಟರ್ನ್ ಪೈಪ್ ಎಲ್ಲಾ ಹಾಕ್ದೆ, ಬಿದ್ರೆ ಕಟ್ ಆಗೋ ಸ್ವಿಚ್ಚೂ ಹಾಕಿದ್ದೀನಿ, ಗಾಡಿನ ಕೈಯಾರೆ ಮಲಗಿಸಿ ಪಂಪ್ ನಿಲ್ಲುತ್ತೆ ಅಂತ ಖಾತ್ರಿ ಮಾಡ್ಕೊಂಡೆ. ಮುಕ್ಕಾಲು ಕಿಲೋಮೀಟರ್ ರೋಡ್ ಪೂರ್ತಿ ಒಂದೇ ಸಮ ಎಳೀತು! ವೈಡ್‌ಬ್ಯಾಂಡ್ ಮೀಟರ್ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ತೋರ್ಸೋದು) ಬೂಸ್ಟಲ್ಲಿ 12.8 ತೋರಿಸ್ತು, ಇನ್ನೂ ತೆಳುವು, ಅಂದ್ರೆ ಪೆಟ್ರೋಲ್ ಕಮ್ಮಿ ಅನ್ಸಿ ಅಲ್ಲಿಗೇ ನಿಲ್ಸಿದೀನಿ. ಆದ್ರೆ ಈಗ ಐಡಲ್‌ನಲ್ಲಿ ಸೈಲೆನ್ಸರಿಂದ ನೀಲಿ ಹೊಗೆ, ಓಡುವಾಗ ಇಲ್ಲ, ಸಿಗ್ನಲ್ಲಲ್ಲಿ ನಿಂತಂಗೆ ಒಂದು ನಿಮಿಷ ನಿಲ್ಸಿದ್ರೆ ಸಾಕು. ಟರ್ಬೊ ಸೀಲ್ ಹೋಯ್ತಾ?

ಹುಬ್ಬಳ್ಳಿ_ಲೇತ್:
ಸೀಲ್ ಹೋಗಿರಾಕಿಲ್ರಿ. ಟರ್ಬೊದಿಂದ ಆಯಿಲ್ ವಾಪಸ್ ಬರೂ ಪೈಪಿನ ಫೋಟೋ ನೀವು ಕಳ್ಸಿದ್ದು ನೋಡಿದ್ನಿ, ಅದು ಒಳಗ ಪೆನ್ಸಿಲ್ ಗಾತ್ರ ಐತಿ, ಮತ್ತ ಕೆಳಗ ಒಂದ್ ಹೊಟ್ಟಿ ಬಂದೈತಿ. ಟರ್ಬೊದಾಗ ತಿರುಗಿದ ಆಯಿಲ್ ನೊರಿ ಆಗಿ ಬರ್ತೈತಿ, ಒತ್ತಡ ಇರೂದಿಲ್ಲ, ತನ್ನ ಭಾರಕ್ಕ ತಾನ ಇಳೀಬೇಕು. ಇಳಿಯಾಕ ಜಾಗ ಸಿಗ್ಲಿಲ್ಲಂದ್ರ ಬೇರಿಂಗ್ ಮನಿನ್ಯಾಗ ತುಂಬಿ ರಿಂಗ್ ದಾಟಿ ಎಕ್ಸಾಸ್ಟಿಗೆ ಹೋಗ್ತೈತಿ. ಒಳಗ 12 ಮಿಲಿಮೀಟರಿಗೆ ಕಡಿಮಿ ಇರಬಾರ್ದು, ಎಲ್ಲೂ ಮ್ಯಾಲ ಏರಬಾರ್ದು, ಎಂಜಿನ್ನಿನ ಆಯಿಲ್ ಮಟ್ಟದ ಮ್ಯಾಲ ಬಂದು ಸೇರ್ಬೇಕು. ಟರ್ಬೊಕ್ಕ ಆಯಿಲ್ ಹೋಗೂ ಪೈಪಿಗೆ ಉಲ್ಟಾ, ಅಲ್ಲಿ ಸಣ್ಣ ತೂತಿನ ಬುಷ್ ಹಾಕ್ರಿ, ಇಲ್ಲಾಂದ್ರ ಹೆಡ್ಡಿಗೆ ಹೋಗೂ ಆಯಿಲ್ ಕಡಿಮಿ ಆಗ್ತೈತಿ.

ಮೇನ್ ಜೆಟ್ ಇನ್ನೊಂದ್ ಸೈಜ್ ಏರಿಸಿ 11.8ರ ಆಸುಪಾಸು ತರ್ರಿ. ಈಗ ಬಂಕಿನ್ಯಾಗ ಸಿಗೂದು ಇ20 (ನೂರಕ್ಕ 20 ಎಥನಾಲ್ ಬೆರೆಸಿದ ಪೆಟ್ರೋಲ್), ಅದಕ್ಕ ಮೊದಲಿನ ಪೆಟ್ರೋಲ್‌ಕ್ಕಿಂತ ಜಾಸ್ತಿ ಬೇಕಾಗ್ತೈತಿ, ಮತ್ತ ಮೀಟರ್ ಹಳೇ ಪೆಟ್ರೋಲ್ ಲೆಕ್ಕದಾಗ ತೋರ್ಸ್ತೈತಿ ಅನ್ನೂದು ನೆನಪಿರ್ಲಿ. ಸ್ಪಾರ್ಕ್ ಟೈಮಿಂಗ್ ಹಿಂದಕ್ಕ ತಗೊಳ್ಳಾಕ ಪ್ರೋಗ್ರಾಂ ಮಾಡೂ ಸಿಡಿಐ (ಸ್ಪಾರ್ಕ್ ಯಾವಾಗ ಬೀಳ್ಬೇಕಂತ ನಡ್ಸೂ ಡಬ್ಬಿ) ಹಾಕೂ ತನಕ 5ರ ಮ್ಯಾಲ ಒಂದ್ ಕೂದಲಿನಷ್ಟೂ ಏರಿಸಬ್ಯಾಡ್ರಿ. ಹೊರಗ 35 ಡಿಗ್ರಿ ಇದ್ರ ಟರ್ಬೊದಿಂದ ಬರೂ ಗಾಳಿ 80 ಡಿಗ್ರಿ ಹತ್ರ ಇರ್ತೈತಿ, ನಿಮ್ಗ ಆ ಗಾಳಿ ತಂಪು ಮಾಡೂ ಇಂಟರ್‌ಕೂಲರ್ ಇಲ್ಲ, ಹೆಡ್ಡಿಗೆ ನೀರಿನ ತಂಪೂ ಇಲ್ಲ. ಎಂಜಿನ್ ಒಳಗ ಕಾಳು ತಗಡಿನ ಮ್ಯಾಲ ಬಿದ್ದಂಗ ಸದ್ದು ಬಂದ್ರ ಅಲ್ಲೇ ಥ್ರಾಟಲ್ ಬಿಡ್ರಿ, ಪಿಸ್ಟನ್ ತೂತು ಬೀಳಾಕ ಐದ್ ಸೆಕೆಂಡ್ ಸಾಕು.

ಮಂಗಳೂರು_ಬೂಸ್ಟ್:
ಮತ್ತೆ ರಸ್ತೆಗೆ ಇಳಿಸ್ಬೇಡಿ ಆಯ್ತಾ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆ ಕಾನೂನಿಗೆ ವಿರುದ್ಧ, ಅಪಘಾತ ಆದರೆ ಇನ್ಶೂರೆನ್ಸ್ ಕೂಡ ಕಷ್ಟ.

ತುಮಕೂರು_ಕರಿಜ್ಮಾ:
ರಸ್ತೆಗೆ ಇಳ್ಸಲ್ಲ ಸರ್, ಮಾತು ಕೊಡ್ತೀನಿ. ಲೇತ್ ಅಣ್ಣ ಹೇಳ್ದಂಗೆ 14 ಮಿಲಿಮೀಟರ್ ಪೈಪ್ ನೇರವಾಗಿ ಇಳಿಯೋ ತರ ಬೆಸ್ದು, ಕ್ಲಚ್ ಕವರಲ್ಲಿ ಆಯಿಲ್ ಮಟ್ಟದ ಮೇಲೆ ತೂತು ಮಾಡಿ ಸೇರ್ಸ್ದೆ. ಇವತ್ತು ಬೆಳಗ್ಗೆ ಹತ್ತು ನಿಮಿಷ ಐಡಲ್ ಬಿಟ್ಟು ಸೈಲೆನ್ಸರ್ ಬಾಯಿಗೆ ಬಿಳಿ ಬಟ್ಟೆ ಹಿಡಿದೆ, ಆಯಿಲ್ ಕಲೆ ಇಲ್ಲ. ಜೆಟ್ ಏರಿಸಿದ್ಮೇಲೆ 11.9 ಬಂತು, ಪ್ಲಗ್ ಬಿಚ್ಚಿ ನೋಡ್ದೆ, ಪಿಂಗಾಣಿ ತಿಳಿ ಕಂದು. ಮುಂದಿನ ತಿಂಗ್ಳು ಪಿಕಪ್‌ನಲ್ಲಿ ಹಾಕ್ಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಹೋಗೋ ಪ್ಲಾನ್ ಇದೆ, ಅಷ್ಟರಲ್ಲಿ ಸಿಡಿಐ ತರಿಸ್ತೀನಿ. ಅಪ್ಪ ಸಂಜೆ ಬಂದು ಗೇಜ್ ಮುಳ್ಳು ಏಳೋದನ್ನೇ ನೋಡ್ತಾ ನಿಂತಿದ್ರು, ಇನ್ನೊಂದ್ಸಲ ಓಡ್ಸು ಅಂದ್ರು.